ಕರ್ನಾಟಕದ ಶೈಕ್ಷಣಿಕ ಮತ್ತು ವೈಜ್ಞಾನಿಕ ವೃತ್ತಿಗಳಲ್ಲಿ ಲಿಂಗ ಅಸಮಾನತೆ

ಕರ್ನಾಟಕದ ಶೈಕ್ಷಣಿಕ ಮತ್ತು ವೈಜ್ಞಾನಿಕ ವೃತ್ತಿಗಳಲ್ಲಿ ಲಿಂಗ ಅಸಮಾನತೆ ಎಂಬುದು ರಾಜ್ಯದ ಮಹಾವಿದ್ಯಾಲಯ, ವಿಶ್ವವಿದ್ಯಾಲಯ ಹಾಗೂ ಸಂಶೋಧನಾ ಸಂಸ್ಥೆಗಳಲ್ಲಿ ಪ್ರವೇಶ, ನೇಮಕಾತಿ, ಬಡ್ತಿ, ಸಂಶೋಧನಾ ಅನುದಾನ, ಪ್ರಶಸ್ತಿ ಮತ್ತು ಆಡಳಿತ ಹುದ್ದೆಗಳ ವಿಷಯದಲ್ಲಿ ಮಹಿಳೆಯರು ಹಾಗೂ ಪುರುಷರ ನಡುವೆ ಕಂಡುಬರುವ ವ್ಯತ್ಯಾಸವನ್ನು ಸೂಚಿಸುತ್ತದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಅಸಮಾನತೆ ಮುಖ್ಯವಾಗಿ ಪ್ರವೇಶದ ನಿರಾಕರಣೆಯ ರೂಪದಲ್ಲಿತ್ತು. ಇಂದು ವಿಜ್ಞಾನ ಪದವಿ ತರಗತಿಗಳಲ್ಲಿ ವಿದ್ಯಾರ್ಥಿನಿಯರ ಸಂಖ್ಯೆ ವಿದ್ಯಾರ್ಥಿಗಳ ಸಂಖ್ಯೆಯನ್ನು ಮೀರಿದೆ. ಆದರೆ ಪದವಿಯಿಂದ ಸಂಶೋಧನೆಗೆ, ಸಂಶೋಧನೆಯಿಂದ ಖಾಯಂ ಹುದ್ದೆಗೆ, ಹುದ್ದೆಯಿಂದ ಉನ್ನತ ಅಧಿಕಾರಕ್ಕೆ ಸಾಗುವ ಹಂತಗಳಲ್ಲಿ ಮಹಿಳೆಯರ ಪ್ರಮಾಣ ಕಡಿಮೆಯಾಗುತ್ತ ಹೋಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇತಿಹಾಸ ಮತ್ತು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ಪರಿಸ್ಥಿತಿ ಈ ವಿಷಯದ ಎರಡು ಮುಖಗಳನ್ನು ತೋರಿಸುತ್ತವೆ. ಮೊದಲನೆಯದು ದೇಶದ ಪ್ರಮುಖ ಸಂಶೋಧನಾ ಕೇಂದ್ರದೊಳಗಿನ ಅಸಮಾನತೆಯನ್ನು ಹೇಳಿದರೆ, ಎರಡನೆಯದು ಅಂತಹ ಕೇಂದ್ರವನ್ನು ತಲುಪುವ ಮೊದಲೇ ಗ್ರಾಮೀಣ ವಿದ್ಯಾರ್ಥಿನಿಯರ ಹಾದಿ ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನು ಹೇಳುತ್ತದೆ. ರಾಜ್ಯದ ಏಕೈಕ ಮಹಿಳಾ ವಿಶ್ವವಿದ್ಯಾಲಯವಾಗಿ 2003ರಲ್ಲಿ ಆರಂಭವಾದ ಸಂಸ್ಥೆಯು ವಿಜಯಪುರದಲ್ಲಿದೆ.

ಪರಿಕಲ್ಪನೆಗಳು

ಈ ವಿಷಯದ ಚರ್ಚೆಯಲ್ಲಿ ಕೆಲವು ಪರಿಭಾಷೆಗಳು ಪದೇ ಪದೇ ಬಳಕೆಯಾಗುತ್ತವೆ.

ಸೋರುವ ಕೊಳವೆ: ಶಾಲೆಯಿಂದ ಪ್ರಾಧ್ಯಾಪಕ ಹುದ್ದೆಯವರೆಗಿನ ಹಾದಿಯನ್ನು ಒಂದು ಕೊಳವೆಗೆ ಹೋಲಿಸಿ, ಅದರ ಪ್ರತಿಯೊಂದು ಕೂಡುಸ್ಥಳದಲ್ಲಿ ಪುರುಷರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಮಹಿಳೆಯರು ಹೊರಬೀಳುತ್ತಾರೆ ಎಂಬುದನ್ನು ಈ ಪದ ಸೂಚಿಸುತ್ತದೆ. ಮಹಿಳೆಯರು ತಾವಾಗಿಯೇ ಹೊರಹೋಗುತ್ತಾರೆ ಎಂಬ ಅರ್ಥವನ್ನು ಈ ಹೋಲಿಕೆ ನೀಡುತ್ತದೆಂದು ಕೆಲವು ವಿದ್ವಾಂಸರು ಆಕ್ಷೇಪಿಸಿದ್ದಾರೆ.

ಗಾಜಿನ ಛಾವಣಿ: ನಿಯಮಗಳಲ್ಲಿ ಯಾವುದೇ ನಿರ್ಬಂಧವಿಲ್ಲದಿದ್ದರೂ ಮಹಿಳೆಯರು ನಿರ್ದೇಶಕ, ಕುಲಪತಿ, ವಿಭಾಗ ಮುಖ್ಯಸ್ಥರಂತಹ ಸ್ಥಾನಗಳನ್ನು ತಲುಪಲು ಎದುರಾಗುವ ಅಗೋಚರ ತಡೆ.

ಮಟಿಲ್ಡಾ ಪರಿಣಾಮ: ಮಹಿಳೆಯರು ಮಾಡಿದ ವೈಜ್ಞಾನಿಕ ಕಾರ್ಯದ ಮನ್ನಣೆ ಪುರುಷ ಸಹೋದ್ಯೋಗಿಗಳಿಗೆ ಸಲ್ಲುವ ಪ್ರವೃತ್ತಿ. ಅಮೆರಿಕದ ವಿಜ್ಞಾನ ಇತಿಹಾಸಕಾರ್ತಿ ಮಾರ್ಗರೆಟ್ ರಾಸಿಟರ್ 1993ರಲ್ಲಿ ಈ ಹೆಸರನ್ನು ಬಳಕೆಗೆ ತಂದರು.

ಸುಪ್ತ ಪೂರ್ವಗ್ರಹ: ಮೌಲ್ಯಮಾಪಕರಿಗೆ ಅರಿವಿಲ್ಲದೆಯೇ ಅವರ ತೀರ್ಮಾನದಲ್ಲಿ ಸೇರಿಕೊಳ್ಳುವ ಲಿಂಗಾಧಾರಿತ ಅಭಿಪ್ರಾಯ. 2012ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ಅರ್ಜಿಯನ್ನು ಕೆಲವು ಪ್ರಾಧ್ಯಾಪಕರಿಗೆ ಪುರುಷನ ಹೆಸರಿನಲ್ಲಿಯೂ ಇನ್ನು ಕೆಲವರಿಗೆ ಮಹಿಳೆಯ ಹೆಸರಿನಲ್ಲಿಯೂ ಕಳುಹಿಸಿದರು. ಪುರುಷನ ಹೆಸರಿದ್ದ ಅರ್ಜಿಗೆ ಹೆಚ್ಚಿನ ಅರ್ಹತೆ ಹಾಗೂ ಹೆಚ್ಚಿನ ವೇತನ ಸೂಚಿತವಾಯಿತು. ಮೌಲ್ಯಮಾಪನ ಮಾಡಿದವರಲ್ಲಿ ಪುರುಷರು ಮತ್ತು ಮಹಿಳೆಯರು ಇಬ್ಬರೂ ಹೀಗೆಯೇ ನಡೆದುಕೊಂಡಿದ್ದರು.

ಐತಿಹಾಸಿಕ ಹಿನ್ನೆಲೆ

ಉನ್ನತ ಶಿಕ್ಷಣದ ಪ್ರಾದೇಶಿಕ ಅಂತರ

ಇಂದಿನ ಕರ್ನಾಟಕದ ಭಾಗಗಳು 1956ರ ಏಕೀಕರಣದವರೆಗೆ ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದವು. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಆರಂಭವಾದ ಬಾಲಕಿಯರ ಶಾಲೆಯು ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಯಲ್ಲಿ ಉನ್ನತ ಶಿಕ್ಷಣ ತಡವಾಗಿ ಬಂದಿತು. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಗಿದ್ದರೂ ಅದು ವಿಜಯಪುರದಿಂದ ಸುಮಾರು 200 ಕಿ.ಮೀ. ದೂರದಲ್ಲಿತ್ತು. ಫ.ಗು. ಹಳಕಟ್ಟಿಯವರ ಪರಿಶ್ರಮದಿಂದ 1910ರಲ್ಲಿ ಹುಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯು ಜಿಲ್ಲೆಯ ಶಿಕ್ಷಣಕ್ಕೆ ಬುನಾದಿ ಹಾಕಿತು. ಜಿಲ್ಲಾ ಕೇಂದ್ರದಲ್ಲಿ ಮಹಾವಿದ್ಯಾಲಯವೊಂದು ತೆರೆದದ್ದು 1945ರಲ್ಲಿ. ದೂರದ ಊರಿನಲ್ಲಿ ಉಳಿದು ಓದುವ ಅವಕಾಶ ಗಂಡುಮಕ್ಕಳಿಗೇ ವಿರಳವಾಗಿದ್ದ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಅದು ಬಹುಮಟ್ಟಿಗೆ ಇರಲೇ ಇಲ್ಲ.

ಭಾರತೀಯ ವಿಜ್ಞಾನ ಸಂಸ್ಥೆ

1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಹಿಳೆಯರ ಆರಂಭಿಕ ಅನುಭವಗಳು ದಾಖಲಾಗಿವೆ. ಇವುಗಳಲ್ಲಿ ಮೂರು ಪ್ರಕರಣಗಳು ಹೆಚ್ಚು ಚರ್ಚೆಗೆ ಒಳಗಾಗಿವೆ.

ಕಮಲಾ ಸೊಹೊನಿ (1911–1998): ವಿವಾಹಪೂರ್ವದಲ್ಲಿ ಕಮಲಾ ಭಾಗವತ್ ಆಗಿದ್ದ ಇವರು 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಪದವಿ ಪಡೆದು ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ಆಗ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಅವರು ಮಹಿಳೆ ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಕಮಲಾ ಅವರು ಬೆಂಗಳೂರಿಗೆ ಬಂದು ಪಟ್ಟು ಹಿಡಿದು ಕುಳಿತ ನಂತರ ಷರತ್ತುಗಳೊಂದಿಗೆ ಪ್ರವೇಶ ದೊರೆಯಿತು. ಮೊದಲ ವರ್ಷ ಪರೀಕ್ಷಾವಧಿಯಾಗಿರಬೇಕು, ಮಾರ್ಗದರ್ಶಕರು ಹೇಳಿದಾಗ ರಾತ್ರಿ ಹೊತ್ತಿನಲ್ಲಿಯೂ ಕೆಲಸ ಮಾಡಬೇಕು, ಪ್ರಯೋಗಾಲಯದ ವಾತಾವರಣ ಕೆಡಿಸಬಾರದು ಎಂಬವು ಆ ಷರತ್ತುಗಳು. ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಹಾಲು ಮತ್ತು ದ್ವಿದಳ ಧಾನ್ಯಗಳ ಪ್ರೋಟೀನುಗಳ ಮೇಲೆ ಸಂಶೋಧನೆ ನಡೆಸಿ ಅವರು 1936ರಲ್ಲಿ ಸ್ನಾತಕೋತ್ತರ ಪದವಿ ಪೂರೈಸಿದರು. 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು, ವಿಜ್ಞಾನ ವಿಷಯದಲ್ಲಿ ಈ ಪದವಿ ಗಳಿಸಿದ ಮೊದಲ ಭಾರತೀಯ ಮಹಿಳೆ ಎನಿಸಿದರು. ಸಸ್ಯ ಅಂಗಾಂಶಗಳಲ್ಲಿ ಸೈಟೋಕ್ರೋಮ್ ಸಿ ಇರುವುದನ್ನು ಅವರು ಗುರುತಿಸಿದ್ದರು. ಪ್ರವೇಶದ ಸಮಯದ ಆ ನಡವಳಿಕೆಯನ್ನು ತಾವು ಎಂದಿಗೂ ಮರೆಯಲಿಲ್ಲವೆಂದು ಅವರು ವೃದ್ಧಾಪ್ಯದಲ್ಲಿಯೂ ಹೇಳಿದ್ದರು. ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆಯೂ ಅವರಿಗೆ ವರ್ಷಗಟ್ಟಲೆ ತಡವಾಗಿ ದೊರೆಯಿತು.

ಅನ್ನಾ ಮಣಿ (1918–2001): ಕೇರಳದ ಪೀರ್‌ಮೇಡಿನಲ್ಲಿ ಜನಿಸಿದ ಇವರು 1940ರಲ್ಲಿ ರಾಮನ್ ಅವರ ಪ್ರಯೋಗಾಲಯ ಸೇರಿದರು. ವಜ್ರ ಮತ್ತು ಮಾಣಿಕ್ಯಗಳ ರೋಹಿತವನ್ನು ಕುರಿತು ಐದು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು. 1945ರಲ್ಲಿ ಮದ್ರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಅವರ ಪ್ರಬಂಧಕ್ಕೆ ಪಿಎಚ್.ಡಿ. ದೊರೆಯಲಿಲ್ಲ. ಅವರಲ್ಲಿ ಎಂ.ಎಸ್ಸಿ. ಪದವಿ ಇಲ್ಲ ಎಂಬುದು ಅದಕ್ಕೆ ನೀಡಿದ ಕಾರಣ. ಆ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉಳಿದಿದೆ. ಮುಂದೆ ಲಂಡನ್ನಿನಲ್ಲಿ ಹವಾಮಾನ ಉಪಕರಣಗಳ ತರಬೇತಿ ಪಡೆದು 1948ರಲ್ಲಿ ಭಾರತೀಯ ಹವಾಮಾನ ಇಲಾಖೆಯನ್ನು ಸೇರಿದ ಅನ್ನಾ ಮಣಿ, ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು. ದೇಶದಲ್ಲಿ ಸೌರ ವಿಕಿರಣ ಹಾಗೂ ಪವನ ಶಕ್ತಿಯ ಮಾಪನಕ್ಕೆ ಅವರ ಕಾರ್ಯ ಆಧಾರವಾಯಿತು. ರಾಮನ್ ಅವರ ಪ್ರಯೋಗಾಲಯದಲ್ಲಿ ಮಹಿಳೆಯರ ಸ್ಥಿತಿಯನ್ನು ಆಭಾ ಸುರ್ ಅವರ 2011ರ ಕೃತಿ ವಿವರವಾಗಿ ಚರ್ಚಿಸಿದೆ. ಪುರುಷ ಹಾಗೂ ಮಹಿಳಾ ವಿದ್ಯಾರ್ಥಿಗಳು ಪರಸ್ಪರ ಮಾತನಾಡುವುದನ್ನು ಅಲ್ಲಿ ಮೆಚ್ಚುತ್ತಿರಲಿಲ್ಲ. ಇದರಿಂದ ಸಹೋದ್ಯೋಗಿಗಳ ನಡುವಿನ ವೈಜ್ಞಾನಿಕ ಚರ್ಚೆಯಿಂದ ಮಹಿಳೆಯರು ದೂರ ಉಳಿಯಬೇಕಾಗಿತ್ತು.

ರಾಜೇಶ್ವರಿ ಚಟರ್ಜಿ (1922–2010): ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಪರಿಗಣಿತರಾದ ಇವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1947ರಲ್ಲಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ತೆರಳಿ ಡಾಕ್ಟರೇಟ್ ಪಡೆದರು. 1953ರಲ್ಲಿ ಮರಳಿ ಸಂಸ್ಥೆಯ ಬೋಧಕ ವರ್ಗಕ್ಕೆ ಸೇರಿ, ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಂದಿಗೆ ಸೂಕ್ಷ್ಮತರಂಗ ಸಂಶೋಧನೆಯನ್ನು ಕಟ್ಟಿದರು. ವಿದ್ಯುತ್ ಸಂವಹನ ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥೆಯಾಗಿದ್ದ ಅವರು 1982ರಲ್ಲಿ ನಿವೃತ್ತರಾದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರೆಯರಲ್ಲಿ ಒಬ್ಬರು.

ಈ ಮೂವರಿಗೂ ವಿದ್ಯಾವಂತ ಅಥವಾ ಅನುಕೂಲಸ್ಥ ಕುಟುಂಬದ ಹಿನ್ನೆಲೆಯಿತ್ತು. ಕಮಲಾ ಅವರ ತಂದೆ ಹಾಗೂ ಚಿಕ್ಕಪ್ಪ ಇದೇ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳಾಗಿದ್ದರು. ಅಂತಹ ಹಿನ್ನೆಲೆಯಿಲ್ಲದ ಮಹಿಳೆಯರು ಸಂಸ್ಥೆಯ ಬಾಗಿಲನ್ನು ತಲುಪುವುದೇ ಆ ಕಾಲದಲ್ಲಿ ಅಪರೂಪವಾಗಿತ್ತು.

ಸ್ವಾತಂತ್ರ್ಯಾನಂತರ

ಸ್ವಾತಂತ್ರ್ಯಾನಂತರ ಪ್ರವೇಶದ ಔಪಚಾರಿಕ ತಡೆಗಳು ಕ್ರಮೇಣ ಇಲ್ಲವಾದವು. ಆದರೆ ಉದ್ಯೋಗದಲ್ಲಿ ಅವು ಉಳಿದಿದ್ದವು. ಹಾವೇರಿ ಜಿಲ್ಲೆಯ ಶಿಗ್ಗಾವಿಯಲ್ಲಿ ಜನಿಸಿ, ಹುಬ್ಬಳ್ಳಿಯ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ತಮ್ಮ ತರಗತಿಯ ಏಕೈಕ ವಿದ್ಯಾರ್ಥಿನಿಯಾಗಿ ಓದಿದ ಸುಧಾ ಮೂರ್ತಿ, 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಟೆಲ್ಕೊ ಕಂಪನಿಯ ಉದ್ಯೋಗ ಜಾಹೀರಾತೊಂದನ್ನು ಕಂಡರು. ಮಹಿಳೆಯರು ಅರ್ಜಿ ಸಲ್ಲಿಸಬೇಕಾಗಿಲ್ಲ ಎಂದು ಅದರಲ್ಲಿತ್ತು. ಅವರು ಜೆ.ಆರ್.ಡಿ. ಟಾಟಾ ಅವರಿಗೆ ಪ್ರತಿಭಟನೆಯ ಅಂಚೆಕಾರ್ಡ್ ಬರೆದ ನಂತರ ಸಂದರ್ಶನಕ್ಕೆ ಕರೆ ಬಂದು, ಆ ಕಂಪನಿಯ ಮೊದಲ ಮಹಿಳಾ ಇಂಜಿನಿಯರ್ ಆಗಿ ನೇಮಕಗೊಂಡರು.

ವಿಶ್ವವಿದ್ಯಾಲಯಗಳ ಆಡಳಿತದಲ್ಲಿಯೂ ಬದಲಾವಣೆ ನಿಧಾನವಾಗಿತ್ತು. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯವು ತನ್ನ ಮೊದಲ ಮಹಿಳಾ ಕುಲಪತಿಯನ್ನು ಕಂಡದ್ದು 1988ರಲ್ಲಿ, ಸೆಲ್ವಿ ದಾಸ್ ಅವರ ನೇಮಕದೊಂದಿಗೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ ಅವರಿಂದ 2020ರಲ್ಲಿ ನೇಮಕವಾದ ಗೋವಿಂದನ್ ರಂಗರಾಜನ್ ಅವರವರೆಗೆ ಎಲ್ಲ ನಿರ್ದೇಶಕರೂ ಪುರುಷರೇ.

ಅಂಕಿಅಂಶಗಳು

ಕೇಂದ್ರ ಶಿಕ್ಷಣ ಸಚಿವಾಲಯದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021–22ರಲ್ಲಿ ದೇಶದ ಉನ್ನತ ಶಿಕ್ಷಣದಲ್ಲಿ 4.33 ಕೋಟಿ ವಿದ್ಯಾರ್ಥಿಗಳಿದ್ದು, ಅವರಲ್ಲಿ 2.07 ಕೋಟಿ ಮಂದಿ ಮಹಿಳೆಯರು. ವಿಜ್ಞಾನ ವಿಭಾಗದಲ್ಲಿದ್ದ 57.2 ಲಕ್ಷ ವಿದ್ಯಾರ್ಥಿಗಳಲ್ಲಿ 29.8 ಲಕ್ಷ, ಅಂದರೆ ಅರ್ಧಕ್ಕಿಂತ ಹೆಚ್ಚು ಮಂದಿ ವಿದ್ಯಾರ್ಥಿನಿಯರು. ಇಂಜಿನಿಯರಿಂಗ್ ಶಿಕ್ಷಣದಲ್ಲಿ ಅವರ ಪಾಲು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಪಿಎಚ್.ಡಿ.ಗೆ ನೋಂದಾಯಿಸಿದ್ದ ಸುಮಾರು 2.12 ಲಕ್ಷ ಮಂದಿಯಲ್ಲಿ ಮಹಿಳೆಯರು ಸುಮಾರು 99 ಸಾವಿರ. ಬೋಧಕ ವರ್ಗದಲ್ಲಿ ಮಹಿಳೆಯರ ಪಾಲು ಶೇ. 43ರಷ್ಟಿತ್ತು. ಆದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗಿಂತ ಪ್ರಾಧ್ಯಾಪಕ ಹುದ್ದೆಯಲ್ಲಿ ಈ ಪಾಲು ಗಣನೀಯವಾಗಿ ಕಡಿಮೆ.

ತರಗತಿಯಿಂದ ಪ್ರಯೋಗಾಲಯಕ್ಕೆ ಬಂದಾಗ ಚಿತ್ರ ಬದಲಾಗುತ್ತದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 2018ರ ಅಂಕಿಅಂಶದಂತೆ ಸಂಶೋಧನೆ ಮತ್ತು ಅಭಿವೃದ್ಧಿ ಕಾರ್ಯದಲ್ಲಿ ನೇರವಾಗಿ ತೊಡಗಿರುವವರಲ್ಲಿ ಮಹಿಳೆಯರು ಶೇ. 16.6ರಷ್ಟಿದ್ದರು. ಯುನೆಸ್ಕೊ ಅಂದಾಜಿನ ಪ್ರಕಾರ ಜಾಗತಿಕವಾಗಿ ಸಂಶೋಧಕರಲ್ಲಿ ಮಹಿಳೆಯರ ಪಾಲು ಸುಮಾರು ಮೂರನೆಯ ಒಂದು ಭಾಗ. ವಿಷಯಗಳ ನಡುವೆಯೂ ವ್ಯತ್ಯಾಸವಿದೆ. ಜೀವವಿಜ್ಞಾನದಲ್ಲಿ ಮಹಿಳೆಯರ ಪ್ರಮಾಣ ಹೆಚ್ಚು. ಭೌತವಿಜ್ಞಾನ ಮತ್ತು ಇಂಜಿನಿಯರಿಂಗ್ ಕ್ಷೇತ್ರಗಳಲ್ಲಿ ಕಡಿಮೆ.

ಪ್ರಶಸ್ತಿಗಳಲ್ಲಿ ಈ ಅಂತರ ಇನ್ನೂ ಸ್ಪಷ್ಟವಾಗಿದೆ. 1958ರಿಂದ ನೀಡಲಾದ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಯನ್ನು ಮೊದಲು ಪಡೆದ ಮಹಿಳೆ ರಸಾಯನ ವಿಜ್ಞಾನಿ ಅಸೀಮಾ ಚಟರ್ಜಿ (1961). ಭೌತ ವಿಜ್ಞಾನ ವಿಭಾಗದಲ್ಲಿ ಮಹಿಳೆಯೊಬ್ಬರು ಈ ಪ್ರಶಸ್ತಿ ಪಡೆದದ್ದು 2018ರಲ್ಲಿ ಮಾತ್ರ. ಅವರು ಅದಿತಿ ಸೇನ್ ದೇ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿದ್ದ ಯಮುನಾ ಕೃಷ್ಣನ್ 2013ರಲ್ಲಿ ರಸಾಯನ ವಿಜ್ಞಾನಕ್ಕಾಗಿ ಇದನ್ನು ಪಡೆದರು. 2022ರ ಸಾಲಿನ 12 ಪುರಸ್ಕೃತರಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ.

ವಿಜಯಪುರ ಜಿಲ್ಲೆಯ ತಾಲ್ಲೂಕುಗಳಲ್ಲಿ

ಹಿನ್ನೆಲೆ

ಹೊಸ ತಾಲ್ಲೂಕುಗಳ ರಚನೆಗೆ ಮೊದಲು ವಿಜಯಪುರ ಜಿಲ್ಲೆಯು ವಿಜಯಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಎಂಬ ಐದು ತಾಲ್ಲೂಕುಗಳನ್ನು ಹೊಂದಿತ್ತು. 2011ರ ಜನಗಣತಿಯಂತೆ ಜಿಲ್ಲೆಯ ಪುರುಷರ ಸಾಕ್ಷರತೆ ಸುಮಾರು ಶೇ. 77, ಮಹಿಳೆಯರ ಸಾಕ್ಷರತೆ ಸುಮಾರು ಶೇ. 57. ಅದೇ ಸಮಯದಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಸುಮಾರು ಶೇ. 68ರಷ್ಟಿತ್ತು. ಪ್ರಾದೇಶಿಕ ಅಸಮಾನತೆಯ ಅಧ್ಯಯನಕ್ಕಾಗಿ ರಚನೆಯಾದ ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯು ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು. ಈ ನಾಲ್ಕೂ ತಾಲ್ಲೂಕುಗಳು ಆ ಪಟ್ಟಿಯಲ್ಲಿವೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371ಜೆ ವಿಧಿಯಡಿ ದೊರೆಯುವ ಶಿಕ್ಷಣ ಹಾಗೂ ಉದ್ಯೋಗ ಮೀಸಲಾತಿಯು ನೆರೆಯ ವಿಜಯಪುರ ಜಿಲ್ಲೆಗೆ ಅನ್ವಯಿಸುವುದಿಲ್ಲ.

ಹಂತ ಹಂತದ ಇಳಿಕೆ

ಈ ತಾಲ್ಲೂಕುಗಳ ಹಳ್ಳಿಯೊಂದರ ವಿದ್ಯಾರ್ಥಿನಿಯು ವಿಜ್ಞಾನದ ವೃತ್ತಿಯನ್ನು ತಲುಪಬೇಕಾದರೆ ಕನಿಷ್ಠ ನಾಲ್ಕು ಬಾರಿ ಸ್ಥಳ ಅಥವಾ ಸಂಸ್ಥೆಯನ್ನು ಬದಲಿಸಬೇಕಾಗುತ್ತದೆ. ಪ್ರತಿ ಬದಲಾವಣೆಯೂ ಕುಟುಂಬವು ಹೊಸದಾಗಿ ತೀರ್ಮಾನ ತೆಗೆದುಕೊಳ್ಳಬೇಕಾದ ಸಂದರ್ಭವಾಗಿರುತ್ತದೆ.

ಮೊದಲನೆಯ ಹಂತ ಎಸ್.ಎಸ್.ಎಲ್.ಸಿ. ನಂತರದ್ದು. ಪ್ರೌಢಶಾಲೆ ಹಳ್ಳಿಯಲ್ಲಿ ಅಥವಾ ಹತ್ತಿರದ ಊರಿನಲ್ಲಿದ್ದರೂ, ವಿಜ್ಞಾನ ವಿಭಾಗವುಳ್ಳ ಪದವಿಪೂರ್ವ ಕಾಲೇಜು ಸಾಮಾನ್ಯವಾಗಿ ತಾಲ್ಲೂಕು ಕೇಂದ್ರದಲ್ಲಿ ಇಲ್ಲವೇ ದೊಡ್ಡ ಊರಿನಲ್ಲಿರುತ್ತದೆ. ಕಲಾ ವಿಭಾಗಕ್ಕೆ ಹೋಲಿಸಿದರೆ ವಿಜ್ಞಾನಕ್ಕೆ ಪ್ರಯೋಗಾಲಯದ ಅವಧಿ, ಮನೆಪಾಠ ಹಾಗೂ ಪ್ರವೇಶ ಪರೀಕ್ಷೆಯ ತರಬೇತಿ ಸೇರಿ ಖರ್ಚು ಹೆಚ್ಚು, ಮನೆಗೆ ಮರಳುವ ಹೊತ್ತೂ ತಡ. ಇಂಡಿ ಹಾಗೂ ಸಿಂದಗಿ ಭಾಗದ ಕೂಲಿಕಾರ ಕುಟುಂಬಗಳು ಕಬ್ಬು ಕಡಿಯುವ ಮತ್ತು ಕಟ್ಟಡ ಕೆಲಸಗಳಿಗಾಗಿ ಮಹಾರಾಷ್ಟ್ರ, ಗೋವಾಗಳಿಗೆ ಗುಳೆ ಹೋಗುತ್ತವೆ. ಆಗ ಕಿರಿಯ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಹಿರಿಯ ಮಗಳ ಮೇಲೆ ಬೀಳುವುದರಿಂದ ಓದಿಗೆ ಅಡ್ಡಿಯಾಗುತ್ತದೆ. ಬಾಲ್ಯವಿವಾಹವೂ ಈ ವಯಸ್ಸಿನಲ್ಲಿಯೇ ಎದುರಾಗುವ ಸಮಸ್ಯೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ–5ರ (2019–21) ಪ್ರಕಾರ ರಾಜ್ಯದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21.3ರಷ್ಟು ಮಂದಿ 18 ತುಂಬುವ ಮೊದಲೇ ವಿವಾಹವಾದವರು. ವಿಜಯಪುರ ಜಿಲ್ಲೆಯಲ್ಲಿ ಈ ಪ್ರಮಾಣ ರಾಜ್ಯದ ಸರಾಸರಿಗಿಂತ ಹೆಚ್ಚು.

ಎರಡನೆಯ ಹಂತ ಪದವಿ. ಸಿಂದಗಿಯ ಜಿ.ಪಿ. ಪೋರವಾಲ ಕಲಾ, ವಾಣಿಜ್ಯ ಮತ್ತು ವಿ.ವಿ. ಸಾಲಿಮಠ ವಿಜ್ಞಾನ ಮಹಾವಿದ್ಯಾಲಯ, ಮುದ್ದೇಬಿಹಾಳದ ಎಂ.ಜಿ.ವಿ.ಸಿ. ಕಲಾ, ವಾಣಿಜ್ಯ ಮತ್ತು ವಿಜ್ಞಾನ ಮಹಾವಿದ್ಯಾಲಯದಂತಹ ಸಂಸ್ಥೆಗಳು ತಾಲ್ಲೂಕು ಕೇಂದ್ರದಲ್ಲಿಯೇ ಬಿ.ಎಸ್ಸಿ. ಓದುವ ಅವಕಾಶ ನೀಡಿವೆ. ಇದರಿಂದ ಮನೆಯಿಂದಲೇ ಓಡಾಡಿ ಪದವಿ ಪಡೆಯುವ ವಿದ್ಯಾರ್ಥಿನಿಯರ ಸಂಖ್ಯೆ ಬೆಳೆದಿದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿದವರಿಗೆ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಯಬೇಕಾದ ಕಷ್ಟ ಈ ಹಂತದಲ್ಲಿಯೂ ಮುಂದುವರಿಯುತ್ತದೆ.

ಮೂರನೆಯ ಹಂತ ಸ್ನಾತಕೋತ್ತರ ಶಿಕ್ಷಣ. ಈ ನಾಲ್ಕು ಪಟ್ಟಣಗಳು ವಿಜಯಪುರದಿಂದ ಸುಮಾರು 40ರಿಂದ 80 ಕಿ.ಮೀ. ದೂರದಲ್ಲಿವೆ. ಪ್ರತಿನಿತ್ಯ ಓಡಾಡಬೇಕು ಅಥವಾ ವಸತಿ ನಿಲಯದಲ್ಲಿ ಉಳಿಯಬೇಕು. ಬಿ.ಎಸ್ಸಿ. ಮುಗಿಸಿದ ಅನೇಕರು ಎಂ.ಎಸ್ಸಿ. ಬದಲು ಬಿ.ಎಡ್. ಆಯ್ದುಕೊಳ್ಳುತ್ತಾರೆ. ಎರಡು ವರ್ಷಗಳಲ್ಲಿ ಮುಗಿಯುವ, ಊರಿನ ಬಳಿಯ ಶಾಲೆಯಲ್ಲಿ ಕೆಲಸದ ಸಾಧ್ಯತೆ ನೀಡುವ ಬೋಧನಾ ತರಬೇತಿಯನ್ನು ಕುಟುಂಬಗಳು ಹೆಣ್ಣುಮಕ್ಕಳಿಗೆ ಹೊಂದುವ ಉದ್ಯೋಗವೆಂದು ಪರಿಗಣಿಸುವುದು ಇದಕ್ಕೆ ಕಾರಣ.

ನಾಲ್ಕನೆಯ ಹಂತ ಸಂಶೋಧನೆ ಮತ್ತು ಹುದ್ದೆ. ಕಾಲೇಜು ಅಧ್ಯಾಪಕ ಹುದ್ದೆಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಕೆ–ಸೆಟ್ ಅಥವಾ ಪಿಎಚ್.ಡಿ. ಅಗತ್ಯ. ಅರ್ಹತೆ ಗಳಿಸಿದ ಬಳಿಕವೂ ಖಾಯಂ ನೇಮಕಾತಿಗಳು ಹಲವು ವರ್ಷಗಳಿಗೊಮ್ಮೆ ನಡೆಯುವುದರಿಂದ ಬಹುತೇಕರು ಅತಿಥಿ ಉಪನ್ಯಾಸಕರಾಗಿ ಕೆಲಸ ಆರಂಭಿಸುತ್ತಾರೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 10 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಬೋಧಿಸುತ್ತಿದ್ದಾರೆ. ಸೇವಾ ಭದ್ರತೆಗಾಗಿ ಅವರು 2023ರ ಕೊನೆಯಲ್ಲಿ ದೀರ್ಘ ಮುಷ್ಕರ ನಡೆಸಿದ್ದರು. ಶೈಕ್ಷಣಿಕ ವರ್ಷಕ್ಕೆ ಸೀಮಿತವಾದ ಇಂತಹ ಕೆಲಸದಲ್ಲಿ ಹೆರಿಗೆಗಾಗಿ ಬಿಡುವು ಪಡೆದ ಮಹಿಳೆಗೆ ಮುಂದಿನ ವರ್ಷ ಅದೇ ಸ್ಥಾನ ದೊರೆಯುವ ಭರವಸೆ ಇರುವುದಿಲ್ಲ. ಸಂಶೋಧನೆಗೆ ಬೇಕಾದ ಪ್ರಯೋಗಾಲಯ, ಅನುದಾನ ಹಾಗೂ ಸಮಯ ಇವರಿಗೆ ಲಭ್ಯವಿಲ್ಲ. ಹೀಗಾಗಿ ಬೋಧಕರ ಪಟ್ಟಿಯಲ್ಲಿ ಮಹಿಳೆಯರ ಸಂಖ್ಯೆ ಹೆಚ್ಚಿದಂತೆ ಕಂಡರೂ, ಅವರಲ್ಲಿ ಎಷ್ಟು ಮಂದಿ ಖಾಯಂ ಹುದ್ದೆಯಲ್ಲಿದ್ದಾರೆ ಎಂಬುದನ್ನು ಬೇರೆಯಾಗಿ ನೋಡಬೇಕಾಗುತ್ತದೆ.

ಮಹಿಳಾ ವಿಶ್ವವಿದ್ಯಾಲಯ

ಉತ್ತರ ಕರ್ನಾಟಕದ ಮಹಿಳೆಯರ ಉನ್ನತ ಶಿಕ್ಷಣಕ್ಕಾಗಿ ರಾಜ್ಯ ಸರ್ಕಾರವು 2003ರಲ್ಲಿ ಕರ್ನಾಟಕ ರಾಜ್ಯ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. 2017ರಲ್ಲಿ ಹನ್ನೆರಡನೆಯ ಶತಮಾನದ ವಚನಕಾರ್ತಿಯ ಹೆಸರಿನಲ್ಲಿ ಇದಕ್ಕೆ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಎಂದು ಮರುನಾಮಕರಣವಾಯಿತು. ವಿಜಯಪುರ ನಗರದ ಹೊರವಲಯದ ತೊರವಿಯಲ್ಲಿ ಇದರ ಜ್ಞಾನಶಕ್ತಿ ಆವರಣವಿದೆ. ಉತ್ತರ ಕರ್ನಾಟಕದ 12 ಜಿಲ್ಲೆಗಳ ಮಹಿಳಾ ಮಹಾವಿದ್ಯಾಲಯಗಳು ಇದರ ವ್ಯಾಪ್ತಿಗೆ ಬಂದವು. ಜೈವಿಕ ತಂತ್ರಜ್ಞಾನ, ಗಣಕ ವಿಜ್ಞಾನ, ಆಹಾರ ಸಂಸ್ಕರಣೆ ಮತ್ತು ಪೋಷಣೆ ಮುಂತಾದ ವಿಜ್ಞಾನ ವಿಭಾಗಗಳ ಜೊತೆಗೆ ಮಹಿಳಾ ಅಧ್ಯಯನ ವಿಭಾಗವೂ ಇಲ್ಲಿದೆ.

ಗೀತಾ ಬಾಲಿ, ಮೀನಾ ಚಂದಾವರಕರ, ಸಬಿಹಾ ಭೂಮಿಗೌಡ ಮೊದಲಾದವರು ಇಲ್ಲಿ ಕುಲಪತಿಗಳಾಗಿ ಸೇವೆ ಸಲ್ಲಿಸಿದ್ದಾರೆ. ಇತರ ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ಕುಲಪತಿಗಳು ವಿರಳವಾಗಿರುವಾಗ, ಆಡಳಿತದ ಉನ್ನತ ಸ್ಥಾನದಲ್ಲಿ ಮಹಿಳೆಯರು ಇರುವುದು ಇಲ್ಲಿ ಸಾಮಾನ್ಯ ಸಂಗತಿಯಾಯಿತು. ಸಹಶಿಕ್ಷಣದ ದೂರದ ಸಂಸ್ಥೆಗೆ ಮಗಳನ್ನು ಕಳುಹಿಸಲು ಒಪ್ಪದ ಕುಟುಂಬಗಳು ವಸತಿ ಸೌಲಭ್ಯವಿರುವ, ಜಿಲ್ಲೆಯೊಳಗಿನ ಮಹಿಳಾ ವಿಶ್ವವಿದ್ಯಾಲಯಕ್ಕೆ ಕಳುಹಿಸಲು ಒಪ್ಪುತ್ತವೆ ಎಂಬುದು ಇಂತಹ ಸಂಸ್ಥೆಯ ಪರವಾದ ಮುಖ್ಯ ವಾದ.

ಜಿಲ್ಲೆಯ ಇತರ ಸಂಸ್ಥೆಗಳಲ್ಲಿಯೂ ಬದಲಾವಣೆಗಳಾಗಿವೆ. 1963ರಿಂದ ಬಾಲಕರಿಗೆ ಮಾತ್ರ ಮೀಸಲಾಗಿದ್ದ ವಿಜಯಪುರದ ಸೈನಿಕ ಶಾಲೆಯು, ದೇಶದ ಉಳಿದ ಸೈನಿಕ ಶಾಲೆಗಳಂತೆ, 2021–22ರ ವೇಳೆಗೆ ಬಾಲಕಿಯರಿಗೂ ತೆರೆಯಿತು.

ಕಾರಣಗಳು

ಮಹಿಳೆಯರು ವೃತ್ತಿಯಿಂದ ಹೊರಗುಳಿಯಲು ವಿವಾಹ ಮತ್ತು ಮಕ್ಕಳ ಪಾಲನೆಯೇ ಕಾರಣ ಎಂಬ ವಿವರಣೆ ವ್ಯಾಪಕವಾಗಿದೆ. ಪಿಎಚ್.ಡಿ. ಮತ್ತು ನಂತರದ ಸಂಶೋಧನಾ ಅವಧಿಯು ವಿವಾಹ ಹಾಗೂ ಹೆರಿಗೆಯ ವಯಸ್ಸಿನೊಂದಿಗೆ ಕೂಡಿಬರುವುದು ನಿಜ. ಹುದ್ದೆ ಹಾಗೂ ಶಿಷ್ಯವೇತನಗಳಿಗೆ ನಿಗದಿಯಾದ ವಯೋಮಿತಿಯು ಈ ವರ್ಷಗಳಲ್ಲಿ ಬಿಡುವು ಪಡೆದವರ ಮರುಪ್ರವೇಶವನ್ನು ಕಷ್ಟಗೊಳಿಸುತ್ತದೆ.

ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಜಂಟಿಯಾಗಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿವರಣೆ ಅಪೂರ್ಣವೆಂದು ತೋರಿಸಿತು. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮಹಿಳೆಯರನ್ನು ಕುರಿತ ಈ ಅಧ್ಯಯನದಲ್ಲಿ ಅನಿತಾ ಕುರುಪ್ ಮತ್ತು ರೋಹಿಣಿ ಗೋಡಬೋಲೆ ಭಾಗಿಗಳಾಗಿದ್ದರು. ಸಂಶೋಧನೆಯಿಂದ ಹೊರಗುಳಿದ ಮಹಿಳೆಯರಲ್ಲಿ ಅನೇಕರು ಕೆಲಸವನ್ನು ಬಯಸಿ ಅರ್ಜಿ ಸಲ್ಲಿಸಿದ್ದರೂ ಹುದ್ದೆ ದೊರೆಯದವರು. ಸಂದರ್ಶನಗಳಲ್ಲಿ ವಿವಾಹ ಹಾಗೂ ಕುಟುಂಬದ ಬಗ್ಗೆ ಕೇಳುವ ಪ್ರಶ್ನೆಗಳು, ಪತಿ–ಪತ್ನಿಯರನ್ನು ಒಂದೇ ಸಂಸ್ಥೆಯಲ್ಲಿ ನೇಮಿಸಿಕೊಳ್ಳಬಾರದೆಂಬ ಅಲಿಖಿತ ನಿಯಮ, ಆವರಣದಲ್ಲಿ ಶಿಶುಪಾಲನಾ ಕೇಂದ್ರದ ಕೊರತೆ, ಆಯ್ಕೆ ಸಮಿತಿಗಳಲ್ಲಿ ಮಹಿಳೆಯರಿಲ್ಲದಿರುವುದು ಮುಂತಾದ ಸಾಂಸ್ಥಿಕ ಕಾರಣಗಳು ಈ ವಿಷಯದ ಚರ್ಚೆಗಳಲ್ಲಿ ಪ್ರಮುಖವಾಗಿ ಕೇಳಿಬಂದಿವೆ. ಕುಟುಂಬದ ಕಾರಣವೊಂದನ್ನೇ ಮುಂದುಮಾಡಿದಾಗ ಸಂಸ್ಥೆಗಳು ತಮ್ಮ ನಿಯಮಗಳನ್ನು ಬದಲಿಸುವ ಹೊಣೆಯಿಂದ ಪಾರಾಗುತ್ತವೆ ಎಂಬುದು ಈ ಚರ್ಚೆಗಳ ಒಟ್ಟು ನಿಲುವು.

ಜಾತಿ, ವರ್ಗ, ಧರ್ಮ ಹಾಗೂ ಪ್ರದೇಶಗಳು ಲಿಂಗ ಅಸಮಾನತೆಯನ್ನು ಇನ್ನಷ್ಟು ತೀವ್ರಗೊಳಿಸುತ್ತವೆ. ನಗರದ ವಿದ್ಯಾವಂತ ಕುಟುಂಬದ ಮಹಿಳೆ ಎದುರಿಸುವ ತಡೆ ಹೆಚ್ಚಾಗಿ ನೇಮಕಾತಿ ಮತ್ತು ಬಡ್ತಿಯ ಹಂತದಲ್ಲಿದ್ದರೆ, ಗ್ರಾಮೀಣ ದಲಿತ ಅಥವಾ ಹಿಂದುಳಿದ ವರ್ಗದ ವಿದ್ಯಾರ್ಥಿನಿಯ ತಡೆ ಪದವಿಪೂರ್ವ ಹಂತದಿಂದಲೇ ಆರಂಭವಾಗುತ್ತದೆ.

ಸುಧಾರಣಾ ಕ್ರಮಗಳು

ಸಂಶೋಧನೆಗೆ ಮರಳುವ ಅವಕಾಶ: ವೃತ್ತಿಯಲ್ಲಿ ಬಿಡುವು ಪಡೆದ ಮಹಿಳೆಯರಿಗಾಗಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2002–03ರಲ್ಲಿ ಮಹಿಳಾ ವಿಜ್ಞಾನಿಗಳ ಯೋಜನೆ ಆರಂಭಿಸಿತು. ಇದು 2014ರಲ್ಲಿ ‘ಕಿರಣ್’ ಕಾರ್ಯಕ್ರಮದ ಭಾಗವಾಯಿತು. ಮಹಿಳಾ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳನ್ನು ಬಲಪಡಿಸಲು ‘ಕ್ಯೂರಿ’ ಎಂಬ ಪ್ರತ್ಯೇಕ ಯೋಜನೆಯಿದೆ.

ಸಂಸ್ಥೆಗಳ ಮೌಲ್ಯಮಾಪನ: ಬ್ರಿಟನ್ನಿನಲ್ಲಿ 2005ರಿಂದ ಜಾರಿಯಲ್ಲಿರುವ ಅಥೀನಾ ಸ್ವಾನ್ ಪದ್ಧತಿಯ ಮಾದರಿಯಲ್ಲಿ ಭಾರತದಲ್ಲಿ 2020ರಲ್ಲಿ ‘ಗತಿ’ ಯೋಜನೆ ಪ್ರಕಟವಾಯಿತು. ಮಹಿಳೆಯರಿಗೆ ನೆರವು ನೀಡುವುದರ ಜೊತೆಗೆ ಸಂಸ್ಥೆಯೇ ತನ್ನ ನೇಮಕಾತಿ, ಬಡ್ತಿ ಹಾಗೂ ಸೌಲಭ್ಯಗಳನ್ನು ಪರಿಶೀಲಿಸಿಕೊಳ್ಳಬೇಕೆಂಬುದು ಇದರ ಉದ್ದೇಶ.

ರಜೆ ಮತ್ತು ಅವಧಿ ವಿಸ್ತರಣೆ: ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮಗಳಂತೆ ಪಿಎಚ್.ಡಿ. ವಿದ್ಯಾರ್ಥಿನಿಯರಿಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಹಾಗೂ ಪ್ರಬಂಧ ಸಲ್ಲಿಸಲು ಎರಡು ವರ್ಷಗಳ ಹೆಚ್ಚುವರಿ ಅವಧಿ ಲಭ್ಯ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯು 26 ವಾರಗಳ ವೇತನಸಹಿತ ರಜೆಯನ್ನು ಒದಗಿಸಿತು. 2021ರಲ್ಲಿ ಕರ್ನಾಟಕ ಸರ್ಕಾರವು ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ನೀಡಿತು.

ಸುರಕ್ಷತೆ: 2013ರ ಕಾಯ್ದೆಯಂತೆ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳದ ದೂರುಗಳ ವಿಚಾರಣೆಗೆ ಪ್ರತಿ ಸಂಸ್ಥೆಯೂ ಆಂತರಿಕ ಸಮಿತಿ ಹೊಂದಿರಬೇಕು.

ಸಾರಿಗೆ: ರಾಜ್ಯದ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಒದಗಿಸುವ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದಿತು. ಶಿಕ್ಷಣ ಯೋಜನೆಯಲ್ಲದಿದ್ದರೂ, ಹಳ್ಳಿಗಳಿಂದ ತಾಲ್ಲೂಕು ಹಾಗೂ ಜಿಲ್ಲಾ ಕೇಂದ್ರಕ್ಕೆ ಓಡಾಡುವ ವಿದ್ಯಾರ್ಥಿನಿಯರ ನಿತ್ಯದ ಖರ್ಚನ್ನು ಇದು ತಗ್ಗಿಸಿದೆ. ಬಸ್ಸುಗಳ ಸಂಖ್ಯೆ ಮತ್ತು ವೇಳೆ ತರಗತಿಗಳ ವೇಳೆಗೆ ಹೊಂದಿಕೊಂಡಾಗ ಮಾತ್ರ ಇದರ ಪೂರ್ಣ ಪ್ರಯೋಜನ ದೊರೆಯುತ್ತದೆ.

ದಾಖಲೀಕರಣ: ಭಾರತೀಯ ವಿಜ್ಞಾನ ಅಕಾಡೆಮಿಯು 2008ರಲ್ಲಿ ‘ಲೀಲಾವತೀಸ್ ಡಾಟರ್ಸ್’ ಎಂಬ ಗ್ರಂಥ ಪ್ರಕಟಿಸಿತು. ರೋಹಿಣಿ ಗೋಡಬೋಲೆ ಮತ್ತು ರಾಮ್ ರಾಮಸ್ವಾಮಿ ಸಂಪಾದಿಸಿದ ಇದರಲ್ಲಿ ಸುಮಾರು ನೂರು ಭಾರತೀಯ ಮಹಿಳಾ ವಿಜ್ಞಾನಿಗಳ ಜೀವನ ಪರಿಚಯವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೌತವಿಜ್ಞಾನಿಯಾಗಿದ್ದ ಗೋಡಬೋಲೆ (1952–2024) ಈ ವಿಷಯದಲ್ಲಿ ಕೊನೆಯವರೆಗೂ ದುಡಿದರು. 2020ರಲ್ಲಿ ಇಬ್ಬರು ಮಹಿಳಾ ವಿಜ್ಞಾನಿಗಳು ಆರಂಭಿಸಿದ ‘ಬಯಾಸ್‌ವಾಚ್‌ಇಂಡಿಯಾ’ ಯೋಜನೆಯು ವಿಜ್ಞಾನ ಸಮ್ಮೇಳನಗಳಲ್ಲಿ ಮಹಿಳಾ ಭಾಷಣಕಾರರ ಪ್ರಮಾಣವನ್ನು ಎಣಿಸಿ ಪ್ರಕಟಿಸುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಉನ್ನತ ಸ್ಥಾನಗಳಿಗೆ ಮಹಿಳೆಯರು ಏರಿರುವ ಉದಾಹರಣೆಗಳಿವೆ. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಗೆ ಅನ್ನಪೂರ್ಣಿ ಸುಬ್ರಮಣ್ಯಂ 2019ರಲ್ಲಿ ನಿರ್ದೇಶಕರಾದರು. ಅದೇ ವರ್ಷ ಉಡಾವಣೆಯಾದ ಚಂದ್ರಯಾನ–2ರ ಯೋಜನಾ ನಿರ್ದೇಶಕಿ ಎಂ. ವನಿತಾ ಹಾಗೂ ಅಭಿಯಾನ ನಿರ್ದೇಶಕಿ ರಿತು ಕರಿಧಾಲ್. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ 2022ರಲ್ಲಿ ಎನ್. ಕಲೈಸೆಲ್ವಿ ಮೊದಲ ಮಹಿಳಾ ಮಹಾನಿರ್ದೇಶಕರಾದರು.

ಚರ್ಚೆಗಳು

ಪ್ರತ್ಯೇಕ ಮಹಿಳಾ ವಿಶ್ವವಿದ್ಯಾಲಯಗಳ ಬಗ್ಗೆ ಎರಡು ಅಭಿಪ್ರಾಯಗಳಿವೆ. ಅವು ಇಲ್ಲದಿದ್ದರೆ ಪದವಿಯ ನಂತರ ಓದು ನಿಲ್ಲಿಸುತ್ತಿದ್ದ ವಿದ್ಯಾರ್ಥಿನಿಯರಿಗೆ ದಾರಿ ತೆರೆದಿವೆ ಎಂಬುದು ಒಂದು. ಪ್ರತ್ಯೇಕತೆಯು ಸಹಶಿಕ್ಷಣ ಸಂಸ್ಥೆಗಳನ್ನು ಸುಧಾರಿಸುವ ಒತ್ತಡವನ್ನು ಕಡಿಮೆ ಮಾಡುತ್ತದೆ, ಸಾಕಷ್ಟು ಅನುದಾನವಿಲ್ಲದಿದ್ದರೆ ಪದವೀಧರೆಯರಿಗೆ ಉತ್ತಮ ಪ್ರಯೋಗಾಲಯದ ಅನುಭವ ತಪ್ಪುತ್ತದೆ ಎಂಬುದು ಇನ್ನೊಂದು.

ನೇಮಕಾತಿಯಲ್ಲಿ ಮಹಿಳಾ ಮೀಸಲಾತಿಯ ಕುರಿತೂ ಭಿನ್ನಾಭಿಪ್ರಾಯವಿದೆ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಮಹಿಳೆಯರಿಗೆ ಸಮತಲ ಮೀಸಲಾತಿ ಇರುವುದರಿಂದ ಸರ್ಕಾರಿ ಕಾಲೇಜುಗಳಲ್ಲಿ ಅವರ ಪ್ರಾತಿನಿಧ್ಯ ಹೆಚ್ಚಿದೆ. ಆದರೆ ನೇಮಕಾತಿಯೇ ನಡೆಯದ ವರ್ಷಗಳಲ್ಲಿ ಮೀಸಲಾತಿಯಿಂದ ಪ್ರಯೋಜನವಾಗುವುದಿಲ್ಲ. ಹೆರಿಗೆ ರಜೆ, ಶಿಶುಪಾಲನಾ ರಜೆಗಳಂತಹ ಸೌಲಭ್ಯಗಳೂ ಮುಖ್ಯವಾಗಿ ಖಾಯಂ ನೌಕರರಿಗೆ ದೊರೆಯುವುದರಿಂದ, ತಾತ್ಕಾಲಿಕ ಹುದ್ದೆಗಳಲ್ಲಿರುವ ಮಹಿಳೆಯರು ಹೊರಗುಳಿಯುತ್ತಾರೆ. ಈ ಕಾರಣದಿಂದ, ಪ್ರಗತಿಯನ್ನು ವಿದ್ಯಾರ್ಥಿನಿಯರ ದಾಖಲಾತಿಯೊಂದರಿಂದಲೇ ಅಳೆಯದೆ, ಪ್ರತಿ ಹಂತದಲ್ಲಿ ಮುಂದುವರಿದವರ ಹಾಗೂ ಖಾಯಂ ಹುದ್ದೆ ಪಡೆದವರ ಸಂಖ್ಯೆಯನ್ನು ಜಿಲ್ಲಾವಾರು ಮತ್ತು ತಾಲ್ಲೂಕುವಾರು ಪ್ರಕಟಿಸಬೇಕೆಂಬ ವಾದವಿದೆ.

ಇವನ್ನೂ ನೋಡಿ

ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ
ಕಮಲಾ ಸೊಹೊನಿ
ಅನ್ನಾ ಮಣಿ
ರಾಜೇಶ್ವರಿ ಚಟರ್ಜಿ
ರೋಹಿಣಿ ಗೋಡಬೋಲೆ
ವಿಜಯಪುರ ಜಿಲ್ಲೆ
ಡಿ.ಎಂ. ನಂಜುಂಡಪ್ಪ ವರದಿ